ಗೇಣುದ್ದದ ರೈಲು ಎಂಜಿನ್ ನಿಜವಾಗಿಯೂ ಹಾಗೆ ಗುಡುಗುತ್ತದೆಯೇ? ‘ಒಂದು ಚಿಪ್ ಹಾಕಿದರೆ ಸಾಕು’ ಎನ್ನುವುದು ಎಷ್ಟು ಸತ್ಯ?

ಮೇಜಿನ ಮೇಲೆ ಪುಟ್ಟ ಹಳಿ. ಅದರ ಮೇಲೆ ಒಂದು ಗೇಣುದ್ದದ ಡೀಸೆಲ್ ಎಂಜಿನ್. ಮೊದಲು ಗೊರಗೊರ ಎಂದು ಸ್ಟಾರ್ಟ್ ಆಗುತ್ತದೆ, ಕೆಲ ಕ್ಷಣ ನಿಂತಲ್ಲೇ ಗುಡುಗುತ್ತದೆ, ಹಾರ್ನ್ ಹೊಡೆಯುತ್ತದೆ, ಆಮೇಲೆ ನಿಧಾನವಾಗಿ ಹೊರಡುತ್ತದೆ. ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದನ್ನು ನೋಡಿದವರು ಎರಡು ಮಾತು ಹೇಳುತ್ತಾರೆ. ‘ಸದ್ದು ಡಬ್ಬಿಂಗ್, ನಂಬಬೇಡಿ’ ಎನ್ನುವುದು ಒಂದು. ‘ಒಂದು ಚಿಪ್ ಹಾಕಿದರೆ ನಮ್ಮ ಮನೆಯ ರೈಲೂ ಹೀಗೇ ಆಗುತ್ತೆ’ ಎನ್ನುವುದು ಇನ್ನೊಂದು.

ಮೊದಲನೆಯ ಮಾತು ಬಹುಪಾಲು ತಪ್ಪು. ಆ ಸದ್ದು ನಿಜವಾಗಿಯೂ ಆ ಪುಟ್ಟ ಎಂಜಿನ್ ಒಳಗಿನಿಂದಲೇ ಬರಬಲ್ಲದು. ಎರಡನೆಯದು ಅರ್ಧ ಸತ್ಯ. ಉಳಿದ ಅರ್ಧ ಗೊತ್ತಿಲ್ಲದೆ ಕೈಹಾಕಿದರೆ, ನೂರು ಡಾಲರ್ ಆಸುಪಾಸಿನ ಬೆಲೆಯ ಬಿಡಿಭಾಗ ಒಂದೇ ಸೆಕೆಂಡಿನಲ್ಲಿ ಸುಟ್ಟು ಹೋಗುತ್ತದೆ. ಸಾಗಣೆ, ಸುಂಕ ಕೊಟ್ಟು ಹೊರದೇಶದಿಂದ ತರಿಸಿದವರಿಗೆ ಅದು ಸಣ್ಣ ನಷ್ಟವಲ್ಲ.

ಈ ಹವ್ಯಾಸದ ತವರು ಅಮೆರಿಕ ಮತ್ತು ಯುರೋಪ್. ಹಾಗಾಗಿ ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳೋಣ. ನಮ್ಮ ಹುಬ್ಬಳ್ಳಿಯೂ ನಡುವೆ ಬರುತ್ತದೆ, ಅದಕ್ಕೆ ಕಾರಣವಿದೆ.

ಹಳಿಯಲ್ಲಿ ಕರೆಂಟ್ ಮಾತ್ರವಲ್ಲ, ಸಂದೇಶವೂ ಹರಿಯುತ್ತದೆ

ಅಮೆರಿಕದಲ್ಲಿ ಅತಿ ಜನಪ್ರಿಯವಾದ ಮಾಡೆಲ್ ರೈಲಿನ ಅಳತೆಗೆ ‘ಎಚ್‌ಒ’ ಎಂದು ಹೆಸರು. ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ಗಾತ್ರ, ಹಳಿಗಳ ನಡುವೆ 16.5 ಮಿ.ಮೀ. ಅಂತರ. ಹಳೆಯ ಪದ್ಧತಿಯಲ್ಲಿ ಇದರ ನಿಯಂತ್ರಣ ಬಹಳ ಸರಳ. ಎರಡು ಹಳಿಗಳಿಗೆ ಡಿಸಿ ವಿದ್ಯುತ್ ಕೊಡುತ್ತಿದ್ದರು. ವೋಲ್ಟೇಜ್ ಹೆಚ್ಚಿಸಿದರೆ ವೇಗ ಹೆಚ್ಚು, ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ರಿವರ್ಸ್. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ.

ಸದ್ದಿನ ಸಮಸ್ಯೆ ಶುರುವಾಗುವುದು ಇಲ್ಲೇ. ರೈಲು ನಿಂತಾಗ ಹಳಿಯಲ್ಲಿ ವಿದ್ಯುತ್ತೇ ಇರುವುದಿಲ್ಲ. ಆದರೆ ನಿಜವಾದ ಡೀಸೆಲ್ ಎಂಜಿನ್ ನಿಂತಾಗಲೂ ಗುಡುಗುತ್ತಿರುತ್ತದೆ. ಜೊತೆಗೆ ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು.

1980ರ ದಶಕದ ಕೊನೆಗೆ ಜರ್ಮನಿಯ ಲೆನ್ಜ್ ಕಂಪನಿ ಬೇರೊಂದು ದಾರಿ ರೂಪಿಸಿತು. 1935ರಲ್ಲಿ ಹುಟ್ಟಿದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಎಲ್ಲ ಕಂಪನಿಗಳೂ ಬಳಸಬಹುದಾದ ಮುಕ್ತ ಮಾನದಂಡ ಪ್ರಕಟಿಸಿತು. ಅದೇ ಡಿಜಿಟಲ್ ಕಮಾಂಡ್ ಕಂಟ್ರೋಲ್, ಚಿಕ್ಕದಾಗಿ ಡಿಸಿಸಿ. ಇದರಲ್ಲಿ ರೈಲು ನಿಂತಿರಲಿ, ಓಡುತ್ತಿರಲಿ, ಹಳಿಯಲ್ಲಿ ಪೂರ್ತಿ ವೋಲ್ಟೇಜ್ ಇದ್ದೇ ಇರುತ್ತದೆ. ಎಚ್‌ಒ ಅಳತೆಯಲ್ಲಿ ಸಾಮಾನ್ಯವಾಗಿ 14ರಿಂದ 16 ವೋಲ್ಟ್. ಆ ವೋಲ್ಟೇಜಿನ ದಿಕ್ಕು ಅತಿ ವೇಗವಾಗಿ ಹಿಂದೆ ಮುಂದೆ ಬದಲಾಗುತ್ತಿರುತ್ತದೆ. ಪ್ರತಿ ದಿಕ್ಕಿನಲ್ಲೂ ಸುಮಾರು 58 ಮೈಕ್ರೋಸೆಕೆಂಡ್ ನಿಂತರೆ ಅದು ‘ಒಂದು’, ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಇನ್ನೂ ಹೆಚ್ಚು ನಿಂತರೆ ಅದು ‘ಸೊನ್ನೆ’. ನಿಮ್ಮ ಮೊಬೈಲ್ ಮೆಸೇಜ್ ಕಳಿಸುವುದೂ ಇದೇ ಒಂದು ಸೊನ್ನೆಗಳ ಭಾಷೆಯಲ್ಲಿ.

ಪ್ರತಿ ಸಂದೇಶದಲ್ಲೂ ಒಂದು ವಿಳಾಸ, ಒಂದು ಆಜ್ಞೆ, ಕೊನೆಗೆ ತಪ್ಪಿದೆಯೇ ಎಂದು ತಾಳೆ ನೋಡುವ ಒಂದು ಅಂಕಿ ಇರುತ್ತವೆ. ‘3ನೇ ನಂಬರಿನ ಲೋಕೋ, ಇಷ್ಟು ವೇಗದಲ್ಲಿ ಮುಂದೆ ಹೋಗು’ ಎಂಬ ಹಾಗೆ. ಲೋಕೋ ಒಳಗೆ ಕೂತು ಇದನ್ನು ಓದುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಡಿಕೋಡರ್ ಎನ್ನುತ್ತಾರೆ. ತನ್ನ ನಂಬರಲ್ಲದ ಆಜ್ಞೆಯನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಬೋರ್ಡಿನಲ್ಲಿ ಧ್ವನಿಮುದ್ರಿಕೆ ತುಂಬಿದ ಮೆಮೊರಿ ಮತ್ತು ಸಣ್ಣ ಆಂಪ್ಲಿಫೈಯರ್ ಇದ್ದರೆ ಅದೇ ಸೌಂಡ್ ಡಿಕೋಡರ್. ಫಾರ್ವರ್ಡ್‌ಗಳಲ್ಲಿ ‘ಚಿಪ್’ ಎನ್ನುವುದು ಇದನ್ನೇ.

ಸದ್ದು ಅಸಲಿಯೋ, ನಕಲಿಯೋ?

ಅಮೆರಿಕದ ಸೌಂಡ್‌ಟ್ರ್ಯಾಕ್ಸ್, ಜರ್ಮನಿಯ ಇಎಸ್‌ಯು ಮುಂತಾದ ಕಂಪನಿಗಳು ನಿಜವಾದ ಲೋಕೋಗಳ ಸದ್ದನ್ನು ಧ್ವನಿಮುದ್ರಿಸಿ ಇದರಲ್ಲಿ ತುಂಬುತ್ತವೆ. ಸ್ಟಾರ್ಟ್ ಆಗುವ ಸದ್ದು, ಐಡಲ್, ಹಾರ್ನ್, ಬ್ರೇಕಿನ ಕಿರುಚಾಟ, ಕಂಪ್ರೆಸರ್, ಹೀಗೆ ಒಂದೊಂದೂ ಬೇರೆ ಬೇರೆ ತುಣುಕು. ಅಂದರೆ ಧ್ವನಿಮುದ್ರಿಕೆ ಅಸಲಿ. ಯಾವ ತುಣುಕು ಯಾವಾಗ ಬರಬೇಕು ಎಂದು ಆ ಕ್ಷಣದಲ್ಲಿ ತೀರ್ಮಾನಿಸುವುದು ಮಾತ್ರ ಡಿಕೋಡರ್.

ಆ ತೀರ್ಮಾನದಲ್ಲೇ ಅದರ ಜಾಣತನ ಇರುವುದು. ಸ್ಕೂಟರಿನಲ್ಲಿ ವೇಗ ಹೆಚ್ಚಿದಂತೆ ಸದ್ದೂ ಏರುತ್ತದೆ. ಡೀಸೆಲ್ ಲೋಕೋದಲ್ಲಿ ಹಾಗಲ್ಲ. ಅಲ್ಲಿ ಡೀಸೆಲ್ ಎಂಜಿನ್ ತಿರುಗಿಸುವುದು ಜನರೇಟರನ್ನು, ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು. ಚಾಲಕನ ಕೈಯಲ್ಲಿರುವ ಲಿವರಿಗೆ ಎಂಟು ಹಂತ, ಅವಕ್ಕೆ ನಾಚ್ ಎನ್ನುತ್ತಾರೆ. ಭಾರದ ಗೂಡ್ಸ್ ಎಳೆಯುವಾಗ ಮೊದಲು ಸದ್ದು ಏರುತ್ತದೆ, ಗಾಡಿ ಆಮೇಲೆ ಕದಲುತ್ತದೆ. ಇಳಿಜಾರಿನಲ್ಲಿ ರಭಸವಾಗಿ ಓಡುವಾಗ ಎಂಜಿನ್ ಐಡಲ್‌ನಲ್ಲೇ ಇರಬಹುದು. ಒಳ್ಳೆಯ ಡಿಕೋಡರ್ ಪ್ರತಿ ನಾಚಿನ ಸದ್ದನ್ನೂ ಒಂದರಿಂದ ಇನ್ನೊಂದಕ್ಕೆ ದಾಟುವ ಸದ್ದನ್ನೂ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಉಗಿಬಂಡಿಯ ಲೆಕ್ಕ ಬೇರೆ. ಎರಡು ಸಿಲಿಂಡರಿನ ಉಗಿ ಎಂಜಿನ್ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಬಾರಿ ‘ಚುಕ್’ ಎನ್ನಬೇಕು. ಮೂರು ಬಾರಿ ಅಂದರೆ ಬಲ್ಲವರು ಮೂಗು ಮುರಿಯುತ್ತಾರೆ.

ಈಗ ಹುಬ್ಬಳ್ಳಿಗೆ ಬರೋಣ. ಅಮೆರಿಕದಲ್ಲಿ 1972ರಿಂದ ಸುಮಾರು 4,000ದಷ್ಟು ತಯಾರಾದ ಎಸ್‌ಡಿ40-2 ಎಂಬ ಲೋಕೋದ ಒಳಗಿರುವುದು ಇಎಂಡಿ ಕಂಪನಿಯ 645 ಮಾದರಿಯ 16 ಸಿಲಿಂಡರ್ ಟೂ ಸ್ಟ್ರೋಕ್ ಎಂಜಿನ್. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಹೆಸರಿನ ಜೊತೆ ಸೇರಿಹೋಗಿರುವ ಡಬ್ಲ್ಯೂಡಿಜಿ-4 ಗೂಡ್ಸ್ ಲೋಕೋದಲ್ಲಿರುವ 710 ಎಂಜಿನ್ ಅದರ ತಮ್ಮ. ಅದಕ್ಕೂ 16 ಸಿಲಿಂಡರ್, ಅದೂ ಟೂ ಸ್ಟ್ರೋಕ್. ನಿಮಿಷಕ್ಕೆ 900 ಸುತ್ತು ತಿರುಗುವಾಗ ಇಂಥ ಎಂಜಿನ್ನಿನಲ್ಲಿ ಸೆಕೆಂಡಿಗೆ 240 ಸಿಡಿತಗಳಾಗುತ್ತವೆ. ನಮ್ಮ ಹಳೆಯ ಡಬ್ಲ್ಯೂಡಿಎಂ-2 ಲೋಕೋದ ಆಲ್ಕೊ 251 ಎಂಜಿನ್ನಿಗೂ 16 ಸಿಲಿಂಡರ್, ಆದರೆ ಅದು ಫೋರ್ ಸ್ಟ್ರೋಕ್. ನಿಮಿಷಕ್ಕೆ 1,000 ಸುತ್ತಿನಲ್ಲೂ ಸೆಕೆಂಡಿಗೆ ಸುಮಾರು 133 ಸಿಡಿತ ಮಾತ್ರ. ಒಂದು ಒಂದೇ ಸಮ ಮೊರೆಯುತ್ತದೆ, ಇನ್ನೊಂದು ದಡಬಡ ಎನ್ನುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಸದ್ದನ್ನೂ ಬುಲೆಟ್ ಸದ್ದನ್ನೂ ಕಣ್ಣುಮುಚ್ಚಿ ಗುರುತಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಭಾರತದ ಲೋಕೋದ ಮಾಡೆಲ್‌ಗೆ ಡಿಕೋಡರ್ ಆರಿಸುವಾಗ ಹೊರಗಿನ ಬಣ್ಣಕ್ಕಿಂತ ಒಳಗಿನ ಎಂಜಿನ್ ಯಾವುದು ಎಂದು ನೋಡಬೇಕು. ಎರಡೂ ಬಗೆಯ ಸದ್ದು ಇರುವ ಡಿಕೋಡರ್‌ಗಳು ಅಮೆರಿಕದ ಮಾರುಕಟ್ಟೆಯಲ್ಲಿ ಸಿಗುತ್ತವೆ. ಹಾರ್ನ್ ಮಾತ್ರ ಅಲ್ಲಿಯದೇ ಆಗಿರುತ್ತದೆ.

ಕೆಲವು ಡಿಕೋಡರ್‌ಗಳಿಗೆ ಕಂಪ್ಯೂಟರ್ ಮೂಲಕ ನಾವೇ ರೆಕಾರ್ಡ್ ಮಾಡಿದ ಸದ್ದನ್ನೂ ತುಂಬಬಹುದು. ಆದರೆ ಎಂಜಿನ್ ಓಡುತ್ತಿರುವಾಗಲೇ ರೆಕಾರ್ಡ್ ಆಗಬೇಕಲ್ಲ. 1962ರಲ್ಲಿ ಅಮೆರಿಕದಿಂದ ಬರತೊಡಗಿ ಆಮೇಲೆ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯೂಡಿಎಂ-2ಗಳು ಬಹುತೇಕ ಸೇವೆಯಿಂದ ನಿವೃತ್ತವಾಗಿವೆ. ಸದ್ದು ಹಿಡಿಯುವ ಆಸೆ ಇರುವವರು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಿ. ಹಳಿಯ ಪಕ್ಕ ಹೋಗುವುದು ಪ್ರಾಣಕ್ಕೇ ಅಪಾಯ, ಜೊತೆಗೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಅಪರಾಧ.

ನಾಣ್ಯದಷ್ಟು ಸ್ಪೀಕರಿನಿಂದ ಅಷ್ಟು ದಪ್ಪ ಸದ್ದು ಹೇಗೆ?

ಇದು ಡಬ್ಬಿಂಗ್ ಎಂಬ ಅನುಮಾನ ಹುಟ್ಟುವುದೇ ಇಲ್ಲಿ. ಆ ಅನುಮಾನ ನ್ಯಾಯವಾದದ್ದೇ. ನಿಮಿಷಕ್ಕೆ 300ರ ಆಸುಪಾಸು ಸುತ್ತಿನಲ್ಲಿ ಐಡಲ್ ಆಗಿರುವ 645 ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು 80 ಸಿಡಿತ, ಅಂದರೆ 80 ಹರ್ಟ್ಸ್. ಇಷ್ಟು ಕೆಳಗಿನ ಸದ್ದನ್ನು ಹೊರಡಿಸಲು ನಾಣ್ಯದಷ್ಟಿರುವ ಸ್ಪೀಕರಿಗೆ ಸಾಧ್ಯವೇ ಇಲ್ಲ.

ಆದರೂ ನಮಗೆ ಕೇಳಿಸುತ್ತದೆ, ಯಾಕೆಂದರೆ ಮಿದುಳು ಅದನ್ನು ಸೇರಿಸಿಕೊಳ್ಳುತ್ತದೆ. 80 ಹರ್ಟ್ಸಿನ ಗುಡುಗಿನ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಸದ್ದುಗಳೂ ಇರುತ್ತವೆ. ಮೇಲಿನವಷ್ಟೇ ಕಿವಿಗೆ ಬಿದ್ದರೂ ಮಿದುಳು ಅವುಗಳ ಬುಡ ಎಲ್ಲಿರಬೇಕೆಂದು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನುಗಳು 300 ಹರ್ಟ್ಸಿಗಿಂತ ಕೆಳಗಿನ ಸದ್ದನ್ನು ಸಾಗಿಸುತ್ತಲೇ ಇರಲಿಲ್ಲ. ಗಂಡಸರ ದನಿಯ ಮೂಲ ಎತ್ತರ 100ರಿಂದ 150 ಹರ್ಟ್ಸ್. ಹಾಗಿದ್ದರೂ ಫೋನಿನಲ್ಲಿ ಅಪ್ಪನ ದನಿ ಅಪ್ಪನದೇ ಆಗಿ ಕೇಳುತ್ತಿತ್ತಲ್ಲ, ಅದೇ ಇದು.

ಈ ಕೆಲಸ ಆಗಬೇಕಾದರೆ ಸ್ಪೀಕರಿನ ಹಿಂದೆ ಗಾಳಿಯಾಡದ ಒಂದು ಪುಟ್ಟ ಡಬ್ಬಿ ಇರಲೇಬೇಕು. ಸ್ಪೀಕರಿನ ಮುಂದಿನಿಂದ ಹೊರಡುವ ಸದ್ದೂ ಹಿಂದಿನಿಂದ ಹೊರಡುವ ಸದ್ದೂ ಒಂದಕ್ಕೊಂದು ತದ್ವಿರುದ್ಧ. ಎರಡೂ ಬೆರೆತರೆ ಪರಸ್ಪರ ಅಳಿಸಿಹಾಕುತ್ತವೆ, ಅದರಲ್ಲೂ ದಪ್ಪ ಸದ್ದು ಮೊದಲು ಮಾಯವಾಗುತ್ತದೆ. ಡಬ್ಬಿಯಿಲ್ಲದ ಸ್ಪೀಕರ್ ಸೊಳ್ಳೆಯ ಹಾಗೆ ಗುಂಯ್‌ಗುಡುವುದು ಇದಕ್ಕೇ. ಮೊಬೈಲ್ ಫೋನಿನ ಸ್ಪೀಕರ್‌ಗಳು ಇಂಥ ಡಬ್ಬಿಯೊಳಗೇ ಕೂತಿರುತ್ತವೆ. ಈ ಹವ್ಯಾಸದವರು ಫೋನಿನ ಬಿಡಿ ಸ್ಪೀಕರ್‌ಗಳನ್ನೇ ಲೋಕೋ ಒಳಗೆ ಕೂರಿಸಿದ್ದೂ ಉಂಟು. ದುಬಾರಿ ಡಿಕೋಡರಿಗೆ ದುಡ್ಡು ಸುರಿದು ಡಬ್ಬಿಗೆ ಜಿಪುಣತನ ಮಾಡುವುದು ಅತಿ ಸಾಮಾನ್ಯ ಎಡವಟ್ಟು. ನನ್ನನ್ನು ಕೇಳಿದರೆ, ಇದು ಅತಿ ಸುಲಭವಾಗಿ ತಪ್ಪಿಸಬಹುದಾದ ಎಡವಟ್ಟೂ ಹೌದು.

ಹಾಗಾದರೆ ಡಿಕೋಡರ್ ಸುಡುವುದು ಎಲ್ಲಿ?

ಈಚಿನ ಅನೇಕ ಮಾಡೆಲ್‌ಗಳಲ್ಲಿ 8 ಪಿನ್ ಅಥವಾ 21 ಪಿನ್‌ನ ಸಾಕೆಟ್ ಇರುತ್ತದೆ. ಅದರಲ್ಲಿರುವ ಡಮ್ಮಿ ಪ್ಲಗ್ ತೆಗೆದು ಡಿಕೋಡರ್ ಸಿಕ್ಕಿಸಿ, ಸ್ಪೀಕರಿಗೆ ಜಾಗ ಹುಡುಕಿದರೆ ಮುಗಿಯಿತು. ಇಲ್ಲಿ ‘ಚಿಪ್ ಹಾಕಿದರೆ ಸಾಕು’ ಎಂಬ ಮಾತು ಹೆಚ್ಚುಕಡಿಮೆ ನಿಜ.

ಹಳೆಯ ಮಾಡೆಲ್‌ಗಳ ಕಥೆ ಬೇರೆ. ಅಮೆರಿಕದ ಆಥರ್ನ್ ಕಂಪನಿಯ, ನೀಲಿ ಪೆಟ್ಟಿಗೆಯಲ್ಲಿ ಬರುತ್ತಿದ್ದ ಎಚ್‌ಒ ಲೋಕೋಗಳನ್ನೇ ನೋಡಿ. ಗಟ್ಟಿಮುಟ್ಟಾದವು, ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಮಾರಾಟವಾದವು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತವೆ. ಇವುಗಳ ಒಳಗೆ ವೈರ್ ಎಂಬುದೇ ಹೆಚ್ಚುಕಡಿಮೆ ಇಲ್ಲ. ಒಂದು ಹಳಿಯ ವಿದ್ಯುತ್ ಮೇಲಿನ ಲೋಹದ ಪಟ್ಟಿಯ ಮೂಲಕ ಮೋಟಾರಿನ ಮೇಲ್ಭಾಗಕ್ಕೆ ಹೋಗುತ್ತದೆ. ಇನ್ನೊಂದು ಹಳಿಯದು ಚಾಸಿಯ ಲೋಹದ ಮೂಲಕವೇ ಮೋಟಾರಿನ ಕೆಳಗಿನ ಕ್ಲಿಪ್ಪಿಗೆ ಮುಟ್ಟುತ್ತದೆ.

ಹಳೆಯ ಡಿಸಿ ಪದ್ಧತಿಗೆ ಇದು ಒಳ್ಳೆಯ ಉಪಾಯ. ಡಿಕೋಡರಿಗೆ ಮಾತ್ರ ಇದೇ ಯಮ. ಡಿಕೋಡರ್ ಹಳಿಗೂ ಮೋಟಾರಿಗೂ ನಡುವೆ ಕೂರಬೇಕು. ಹಳಿಯ ವಿದ್ಯುತ್ ಅದನ್ನು ದಾಟದೆ ಮೋಟಾರನ್ನು ಮುಟ್ಟಬಾರದು. ಕೆಳಗಿನ ಕ್ಲಿಪ್ ಚಾಸಿಗೆ ತಾಗಿಕೊಂಡೇ ಉಳಿದರೆ, ಡಿಕೋಡರ್ ಮೋಟಾರಿಗೆ ವಿದ್ಯುತ್ ಕಳಿಸುವ ದಾರಿಗೆ ಹಳಿಯ ಪೂರ್ತಿ ವೋಲ್ಟೇಜ್ ಎದುರಿನಿಂದ ನುಗ್ಗುತ್ತದೆ. ಚಿಟಿಕೆ ಹೊಗೆ, ಸುಟ್ಟ ವಾಸನೆ, ಅಲ್ಲಿಗೆ ಡಿಕೋಡರ್ ಕಥೆ ಮುಗಿಯಿತು.

ಆದ್ದರಿಂದ ಮೋಟಾರನ್ನು ಬಿಚ್ಚಿ, ಕೆಳಗಿನ ಕ್ಲಿಪ್ಪಿನಿಂದ ಚಾಸಿಗೆ ತಾಗುವ ಚೂಪುಗಳನ್ನು ಮಡಚಬೇಕು ಇಲ್ಲವೇ ಕತ್ತರಿಸಬೇಕು. ಕೆಳಗೆ ಶಾಖ ತಡೆಯುವ ಇನ್ಸುಲೇಷನ್ ಟೇಪ್ ಅಂಟಿಸಬೇಕು. ವೈರ್‌ಗಳಿಗೆ ಮಾನದಂಡದಲ್ಲೇ ಬಣ್ಣ ಗೊತ್ತುಮಾಡಿದ್ದಾರೆ: ಬಲ ಹಳಿಯಿಂದ ಬರುವುದು ಕೆಂಪು, ಎಡ ಹಳಿಯದು ಕಪ್ಪು, ಮೋಟಾರಿಗೆ ಹೋಗುವವು ಕಿತ್ತಳೆ ಮತ್ತು ಬೂದು. ಬೆಸುಗೆ ಹಾಕಿದ ಮೇಲೆ, ಡಿಕೋಡರ್ ಕಡೆಯ ತುದಿಗಳನ್ನು ಸೇರಿಸುವ ಮುಂಚೆ, ಮಲ್ಟಿಮೀಟರನ್ನು ಬೀಪ್ ಮಾಡುವ ಸೆಟ್ಟಿಂಗಿನಲ್ಲಿಟ್ಟು ಒಂದು ಕಡ್ಡಿಯನ್ನು ಮೋಟಾರಿನ ತುದಿಗೆ, ಇನ್ನೊಂದನ್ನು ಚಾಸಿಗೆ, ಆಮೇಲೆ ಎರಡೂ ಬದಿಯ ಚಕ್ರಗಳಿಗೆ ಮುಟ್ಟಿಸಿ ನೋಡಬೇಕು. ಎಲ್ಲೂ ಬೀಪ್ ಬರಬಾರದು. ಬಂದರೆ ಎಲ್ಲೋ ತಾಗುತ್ತಿದೆ ಎಂದರ್ಥ. ಅಗ್ಗದ ಮಲ್ಟಿಮೀಟರ್ ಸಾಕು. ಎರಡು ನಿಮಿಷದ ಈ ಕೆಲಸವೇ ಇಡೀ ಅಪ್‌ಗ್ರೇಡಿನ ಜೀವ.

ಇನ್ನೊಂದು ಪರೀಕ್ಷೆ ಮೋಟಾರಿನ ಹಸಿವಿನದು. ಹಳೆಯ ಮೋಟಾರುಗಳು ಹೆಚ್ಚು ಕರೆಂಟ್ ಎಳೆಯುತ್ತವೆ. ಡಿಕೋಡರ್ ಹಾಕುವ ಮೊದಲೇ 12 ವೋಲ್ಟ್ ಡಿಸಿ ಕೊಟ್ಟು, ಮೋಟಾರನ್ನು ಒಂದೆರಡು ಸೆಕೆಂಡ್ ತಿರುಗದಂತೆ ಹಿಡಿದು ಎಷ್ಟು ಆಂಪ್ ಎಂದು ಅಳೆಯಬೇಕು. ಎಚ್‌ಒ ಡಿಕೋಡರ್‌ಗಳ ಮಿತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಆಂಪ್. ಮೋಟಾರು ಅದಕ್ಕಿಂತ ಹೆಚ್ಚು ಕೇಳಿದರೆ ಮೋಟಾರನ್ನೇ ಬದಲಿಸಬೇಕು. ದೀಪಕ್ಕೂ ಇಂಥದೇ ಎಚ್ಚರ ಬೇಕು. ಎಲ್‌ಇಡಿ ಹಾಕುವುದಾದರೆ ಜೊತೆಗೆ ಸುಮಾರು ಒಂದು ಕಿಲೋ ಓಮ್‌ನ ರೆಸಿಸ್ಟರ್ ಇರಬೇಕು, ಇಲ್ಲವಾದರೆ ಮೊದಲ ಮಿಂಚೇ ಕೊನೆಯ ಮಿಂಚು.

ಮೊದಲ ಬಾರಿ ವಿದ್ಯುತ್ ಕೊಡುವುದೂ ಓಡಿಸುವ ಹಳಿಯ ಮೇಲಲ್ಲ. ಡಿಸಿಸಿ ಯಂತ್ರಗಳಲ್ಲಿ ಪ್ರೋಗ್ರಾಮಿಂಗ್ ಟ್ರ್ಯಾಕ್ ಎಂಬ ಬೇರೆ ಸಂಪರ್ಕ ಇರುತ್ತದೆ. ಅದರಲ್ಲಿ ಕರೆಂಟ್ ತೀರಾ ಕಡಿಮೆ, ಮಿತಿ 250 ಮಿಲಿಆಂಪ್. ವೈರಿಂಗ್ ತಪ್ಪಾಗಿದ್ದರೂ ಡಿಕೋಡರ್ ಬದುಕಿ ಉಳಿಯುವ ಅವಕಾಶ ಹೆಚ್ಚು. ಇಲ್ಲಿ ಡಿಕೋಡರ್ ‘ಹೌದು, ಕೇಳಿಸಿತು’ ಎಂದು ಉತ್ತರಿಸುವ ಬಗೆ ಮಜವಾಗಿದೆ: ಕೆಲವು ಮಿಲಿಸೆಕೆಂಡ್ ಮೋಟಾರನ್ನು ಚಾಲೂ ಮಾಡುತ್ತದೆ. ಆಗ ಲೋಕೋ ಸಣ್ಣಗೆ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಸೌಂಡ್ ಡಿಕೋಡರ್‌ಗಳು ಆರಂಭದಲ್ಲಿ ಹೆಚ್ಚು ಕರೆಂಟ್ ಎಳೆಯುವುದರಿಂದ ಕೆಲವು ಯಂತ್ರಗಳಿಗೆ ಈ ಉತ್ತರ ಓದಲು ಆಗುವುದಿಲ್ಲ. ಅಷ್ಟಕ್ಕೇ ಡಿಕೋಡರ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಕಿಲ್ಲ.

ಕೇಳಿಬರುವ ಇನ್ನು ಕೆಲವು ಮಾತುಗಳು

‘ಹಳಿ ಮುಟ್ಟಿದರೆ ಮಕ್ಕಳಿಗೆ ಶಾಕ್ ಹೊಡೆಯುತ್ತದೆ.’ 16 ವೋಲ್ಟ್ ಒಣಗಿದ ಚರ್ಮಕ್ಕೆ ಏನೂ ಮಾಡದು. ಅಪಾಯ ಇರುವುದು ಶಾರ್ಟ್ ಸರ್ಕ್ಯೂಟಿನಲ್ಲಿ. 15 ವೋಲ್ಟ್, 5 ಆಂಪ್ ಕೊಡುವ ಯಂತ್ರ ಅಂದರೆ 75 ವ್ಯಾಟ್, ಮನೆಯಲ್ಲಿ ಬಳಸುವ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಮೂರು ಪಟ್ಟು. ಲೋಹದ ಬಳೆಯೋ ಸ್ಪ್ಯಾನರೋ ಎರಡು ಹಳಿಗೂ ಅಡ್ಡ ಬಿದ್ದು ಯಂತ್ರ ಕಟ್ ಆಗದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೇ ಹಳಿಯ ಉದ್ದಕ್ಕೂ ಅಲ್ಲಲ್ಲಿ ಒಂದು ನಾಣ್ಯ ಅಡ್ಡ ಇಟ್ಟು, ಯಂತ್ರ ತಕ್ಷಣ ಕಟ್ ಆಗುತ್ತದೆಯೇ ಎಂದು ಪರೀಕ್ಷಿಸುವ ರೂಢಿ ಇದೆ. ಗೋಡೆಯ 230 ವೋಲ್ಟಿನ ಕಡೆ ಮಾತ್ರ ಮಕ್ಕಳ ಕೈ ಹೋಗದಂತೆ ನೋಡಿಕೊಳ್ಳಿ, ಅಡಾಪ್ಟರ್ ಬಿಚ್ಚುವ ಸಾಹಸವಂತೂ ಬೇಡವೇ ಬೇಡ.

‘ಡಿಕೋಡರ್ ಇಲ್ಲದ ಲೋಕೋವನ್ನೂ ಡಿಸಿಸಿ ಹಳಿಯ ಮೇಲೆ ಇಡಬಹುದು.’ ಇಡಬೇಡಿ. ದಿಕ್ಕು ಬದಲಿಸುತ್ತಲೇ ಇರುವ ವೋಲ್ಟೇಜಿಗೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟಿ ಕಾಯುತ್ತದೆ. ಕೆಲವು ಬಗೆಯ ಮೋಟಾರುಗಳು ಬೇಗನೆ ಸುಟ್ಟೇ ಹೋಗುತ್ತವೆ.

ಇನ್ನು, ವಿಡಿಯೊದ ಸದ್ದು ಅಸಲಿಯೇ ಎಂದು ತಿಳಿಯುವುದು ಹೇಗೆ? ಹೊರಡುವ ಮುಂಚೆ ಸದ್ದು ಏರುತ್ತದೆಯೇ ನೋಡಿ. ಲೋಕೋ ಕ್ಯಾಮೆರಾದಿಂದ ದೂರ ಹೋದಂತೆ ಸದ್ದು ಸಣ್ಣದಾಗಬೇಕು, ಪುಟ್ಟ ಚಕ್ರಗಳ ಕಿರಿಕಿರಿಯೂ ಬೆರೆತಿರಬೇಕು. ಕೊಳೆಯಾದ ಹಳಿಯ ಮೇಲೆ ಸದ್ದು ಒಂದು ಕ್ಷಣ ತಡವರಿಸಿದರೆ ಅದು ಅಸಲಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಡಬ್ಬಿಂಗ್ ಮಾಡುವವರು ಇಂಥ ದೋಷ ಸೇರಿಸುವ ಗೋಜಿಗೆ ಹೋಗುವುದಿಲ್ಲ. ಇಂಥ ವಿಡಿಯೊ ತೋರಿಸಿ ಅಗ್ಗದ ಬೆಲೆಗೆ ‘ರಿಯಲ್ ಸೌಂಡ್ ಟ್ರೈನ್’ ಮಾರುವ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಅಳತೆ ಯಾವುದು, ವಿದ್ಯುತ್ ಹಳಿಯಿಂದಲೋ ಬ್ಯಾಟರಿಯಿಂದಲೋ, ಡಿಸಿಸಿ ಇದೆಯೋ ಇಲ್ಲವೋ. ಬ್ಯಾಟರಿ ಆಟಿಕೆಯಲ್ಲಿ ಸಾಮಾನ್ಯವಾಗಿ ಒಂದೇ ತುಣುಕು ಸದ್ದು ಸುತ್ತುತ್ತಿರುತ್ತದೆ, ಮೋಟಾರಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಆಟಿಕೆಯಾಗಿ ಅದು ತಪ್ಪೇನಲ್ಲ, ಬೆಲೆ ಆಟಿಕೆಯದಾಗಿದ್ದರೆ.

ಎಲ್ಲ ಸರಿಯಾಗಿ ಸದ್ದು ಬಂದ ಮೇಲೆ ಮನೆಯವರಿಂದ ಬರುವ ಮೊದಲ ದೂರು ‘ಜಾಸ್ತಿ ಆಯಿತು’ ಎಂದು. ಅನೇಕ ಡಿಕೋಡರ್‌ಗಳು ಜೋರು ವಾಲ್ಯೂಮಿನಲ್ಲೇ ಬರುತ್ತವೆ. 87ನೇ ಒಂದು ಭಾಗದ ಲೋಕೋವನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಲೋಕೋವನ್ನು 87 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ನಿಂತವರಿಗೆ ಐಡಲ್ ಆಗಿರುವ ಎಂಜಿನ್ ಕೇಳಿಸುವಷ್ಟಕ್ಕೆ ವಾಲ್ಯೂಮ್ ಇಳಿಸಿದರೆ ಸರಿಹೋಗುತ್ತದೆ. ಅದಕ್ಕೆ ಲೋಕೋ ಬಿಚ್ಚಬೇಕಿಲ್ಲ, ಹಳಿಯ ಮೇಲಿರುವಾಗಲೇ ಸಂದೇಶ ಕಳಿಸಿ ಬದಲಿಸಬಹುದು.